ಫಿಜಿ, ಕ್ಯೂಪಾತ್, ಡಿಎಸ್9: ಲ್ಯಾಬಿನ ಚಿತ್ರ ನೋಡಲು ಯಾವುದನ್ನು ಹಾಕಿಕೊಳ್ಳಬೇಕು?

ಕೊಣಾಜೆ, ದೇರಳಕಟ್ಟೆ, ಮಣಿಪಾಲ, ಸುರತ್ಕಲ್ – ಲ್ಯಾಬ್ ಯಾವುದಾದರೂ ದೂರು ಒಂದೇ. ಮೈಕ್ರೋಸ್ಕೋಪಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಲಕ್ಷಣವಾಗಿ ಕಂಡ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿ, ರೂಮಿಗೆ ತಂದು ಲ್ಯಾಪ್‌ಟಾಪಿನಲ್ಲಿ ತೆರೆದರೆ ಪೂರ್ತಿ ಕಪ್ಪು. ಫೈಲ್ ಹಾಳಾಯಿತು ಎಂದುಕೊಂಡು ಮತ್ತೆ ಸ್ಲೈಡ್ ಇಟ್ಟು ಮತ್ತೆ ಫೋಟೋ ತೆಗೆಯುವವರಿದ್ದಾರೆ. ಫೈಲಿಗೆ ಏನೂ ಆಗಿರುವುದಿಲ್ಲ ಮಾರಾಯ್ರೆ. ಕ್ಯಾಮೆರಾ 12 ಬಿಟ್‌ನದು, ಅಂದರೆ ಅದು ಕೊಡುವ ಅಂಕಿ 0ಯಿಂದ 4095ರವರೆಗೆ. ಅದನ್ನು ತುಂಬಿಸಿಟ್ಟ ಫೈಲ್ 16 ಬಿಟ್‌ನದು, ಅದರ ಅಳತೆ 65535ರವರೆಗೆ. ವಿಂಡೋಸ್‌ನ ಫೋಟೋಸ್ ಆ್ಯಪ್ 65535 ಅಂದರೆ ಬಿಳಿ, 0 ಅಂದರೆ ಕಪ್ಪು ಎಂದು ಲೆಕ್ಕ ಹಾಕಿ ತೋರಿಸುತ್ತದೆ. ಆಗ ಕ್ಯಾಮೆರಾ ಕಂಡ ಅತ್ಯಂತ ಪ್ರಕಾಶದ ಚುಕ್ಕೆ ಕೂಡ ಪರದೆಯ 0ಯಿಂದ 255ರ ಮೆಟ್ಟಿಲುಗಳಲ್ಲಿ 16ನ್ನು ದಾಟುವುದಿಲ್ಲ. ಫ್ಲೋರೆಸೆನ್ಸ್ (ಹೊಳೆಯುವ ಬಣ್ಣ ಹಚ್ಚಿ ತೆಗೆದ) ಚಿತ್ರದಲ್ಲಿ ಹೆಚ್ಚಿನ ಅಂಕಿಗಳು ಸಾವಿರದ ಆಸುಪಾಸು ಇರುತ್ತವೆ, ಅಂದರೆ ಮೆಟ್ಟಿಲು ನಾಲ್ಕು. ಕಣ್ಣಿಗೆ ಅದು ಕಪ್ಪೇ.

ಆದ್ದರಿಂದ ಈ ವಿಮರ್ಶೆಯಲ್ಲಿ ವ್ಯೂವರ್‌ಗಳನ್ನು, ಅಂದರೆ ಚಿತ್ರ ತೆರೆದು ತೋರಿಸುವ ಸಾಫ್ಟ್‌ವೇರ್‌ಗಳನ್ನು, ಅಂದಕ್ಕೆ ಅಳೆದಿಲ್ಲ. ಕೇಳಿದ್ದು ನಾಲ್ಕು ಪ್ರಶ್ನೆ. ಮೌಸ್ ಇಟ್ಟ ಜಾಗದ ನಿಜವಾದ ಅಂಕಿಯನ್ನು ತೋರಿಸುತ್ತದೆಯೇ? ಫೈಲನ್ನು ಮುಟ್ಟದೆ ಕಪ್ಪು-ಬಿಳಿಯ ಗಡಿಯನ್ನು ಮಾತ್ರ ಸರಿಸಲು ಬಿಡುತ್ತದೆಯೇ? ಫೈಲಿನೊಳಗೆ ಬರೆದಿಟ್ಟ ಅಳತೆಯನ್ನು, ಅಂದರೆ ಒಂದು ಪಿಕ್ಸೆಲ್ ಎಷ್ಟು ಮೈಕ್ರಾನ್ ಅಥವಾ ಎಷ್ಟು ಮೀಟರ್ ಎಂಬುದನ್ನು, ಓದುತ್ತದೆಯೇ? ರ‍್ಯಾಮ್‌ಗಿಂತ ದೊಡ್ಡ ಫೈಲ್ ಕೊಟ್ಟರೆ ಏನು ಮಾಡುತ್ತದೆ? ಇಲ್ಲಿ ಹೇಳಿದ ಎಲ್ಲವೂ ವಿದ್ಯಾರ್ಥಿಗಳಿಗೆ ದುಡ್ಡಿಲ್ಲದೆ ಸಿಗುವಂಥವು.

ಮೊದಲು ಫೈಲಿನ ಜಾತಿ

ವ್ಯೂವರ್ ಎಷ್ಟೇ ಒಳ್ಳೆಯದಿದ್ದರೂ ಫೈಲಿನಲ್ಲಿ ಇಲ್ಲದ್ದನ್ನು ತೋರಿಸಲಾರದು. 1992ರಲ್ಲಿ ಮಾನಕವಾದ ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಸೂಕ್ಷ್ಮ ಏರಿಳಿತಗಳನ್ನು ಒರಟಾಗಿಸಿ ಜಾಗ ಉಳಿಸುತ್ತದೆ. ಬಣ್ಣದ ವಿಷಯದಲ್ಲಿ ಅದು ಇನ್ನೂ ಜಿಪುಣ. ಸಾಮಾನ್ಯ ಸೆಟ್ಟಿಂಗಿನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ. ಮಲ್ಪೆ ಬಂದರಿನ ಫೋಟೋಗೆ ಇದು ಗೊತ್ತೇ ಆಗುವುದಿಲ್ಲ. ಹಸಿರು ಹಿನ್ನೆಲೆಯಲ್ಲಿ ಎರಡು ಪಿಕ್ಸೆಲ್ ಅಗಲದ ಕೆಂಪು ಚುಕ್ಕೆಗಳಿರುವ ಚಿತ್ರವಾದರೆ ಚುಕ್ಕೆಯ ಅಂಚು ಕದಡಿ, ಇಲ್ಲದ ಹಳದಿ ಹುಟ್ಟುತ್ತದೆ. ಎರಡು ಪ್ರೋಟೀನ್ ಒಂದೇ ಜಾಗದಲ್ಲಿವೆ ಎಂದು ಪ್ರಬಂಧ ಬರೆಯಲು ಅಷ್ಟು ಸಾಕು. ಸಾಮಾನ್ಯ ಜೆಪೆಗ್ 8 ಬಿಟ್‌ನದೇ. 12 ಬಿಟ್ ಚಿತ್ರವನ್ನು ಅದಕ್ಕೆ ಇಳಿಸಿದರೆ ಹದಿನಾರು ಅಂಕಿಗಳು ಒಂದಾಗಿ ಹೋಗುತ್ತವೆ.

ಒಮ್ಮೆ ಜೆಪೆಗ್ ಮಾಡಿದ್ದನ್ನು ಮತ್ತೆ ಟಿಫ್ ಆಗಿ ಸೇವ್ ಮಾಡಿ ‘ಪತ್ರಿಕೆಯವರು ಟಿಫ್ ಕೇಳಿದ್ದಾರೆ’ ಎಂದು ಕಳಿಸುವ ಪದ್ಧತಿ ಬಹಳ ಉಂಟು. ಒಣಗಿಸಿದ ಬಂಗುಡೆಯನ್ನು ನೀರಲ್ಲಿ ನೆನೆಹಾಕಿದರೆ ಮೆತ್ತಗಾದೀತು, ಹಸಿ ಮೀನಾಗುವುದಿಲ್ಲ. ಫೈಲಿನ ಗಾತ್ರ ಮಾತ್ರ ಹಿಗ್ಗುತ್ತದೆ, ಕಳೆದುಕೊಂಡದ್ದು ಬರುವುದಿಲ್ಲ.

ಪಿಎನ್‌ಜಿ 1996ರದು. ಏನನ್ನೂ ಬಿಸಾಡದೆ ಸಂಕುಚಿಸುತ್ತದೆ, ಪ್ರತಿ ಬಣ್ಣಕ್ಕೆ 16 ಬಿಟ್‌ವರೆಗೂ ಹಿಡಿಯುತ್ತದೆ, ಎಲ್ಲ ಬ್ರೌಸರುಗಳಲ್ಲೂ ತೆರೆಯುತ್ತದೆ. ತೋರಿಸುವ ಪ್ರತಿಗೆ ಇದೇ ಸರಿ. ಆದರೆ ಕ್ಯಾಮೆರಾದ ಎಕ್ಸ್‌ಪೋಶರ್, ಆಬ್ಜೆಕ್ಟಿವ್ (ಸ್ಲೈಡಿನ ಹತ್ತಿರದ ಲೆನ್ಸ್), ಚಾನೆಲ್ (ಒಂದೊಂದು ಬಣ್ಣದ ಪದರ), ಫೋಕಸ್ ಮಟ್ಟ ಎಂದು ನೂರು ವಿವರ ಹೊತ್ತುಕೊಳ್ಳಲು ಅದನ್ನು ಮಾಡಿದ್ದಲ್ಲ. ಆ ಕೆಲಸಕ್ಕೆ ಇರುವುದು ಟಿಫ್. ಟಿಫ್ ಗೋಣಿಚೀಲದ ಹಾಗೆ, ಹೊರಗಿನಿಂದ ನೋಡಿ ಒಳಗೆ ಅಕ್ಕಿಯೋ ಅಡಿಕೆಯೋ ಹೇಳಲಾಗದು. ಸಂಕುಚಿಸದ 16 ಬಿಟ್ ಇರಬಹುದು, 32 ಬಿಟ್ ದಶಮಾಂಶ ಅಂಕಿ ಇರಬಹುದು, ಒಂದೇ ಫೈಲಿನಲ್ಲಿ ಮುನ್ನೂರು ಪುಟ ಇರಬಹುದು, ಒಳಗೇ ಜೆಪೆಗ್ ಕೂತಿರಲೂಬಹುದು. ‘ಟಿಫ್‌ನಲ್ಲಿದೆ, ಆದ್ದರಿಂದ ನಷ್ಟವಾಗಿಲ್ಲ’ ಎಂಬ ಮಾತನ್ನು ನಂಬಿ ಕೂರಬೇಡಿ. ಹಳೆಯ ಟಿಫ್‌ಗೆ ಇನ್ನೊಂದು ಮಿತಿ: ಒಳಗಿನ ವಿಳಾಸಗಳು 32 ಬಿಟ್‌ನವು, ಹಾಗಾಗಿ 4 ಜಿಬಿ ದಾಟುವಂತಿಲ್ಲ. ದಾಟಬೇಕಿದ್ದರೆ ಬಿಗ್‌ಟಿಫ್ ಎಂದು ಆರಿಸಿ ಸೇವ್ ಮಾಡಬೇಕು. ಓಎಂಇ-ಟಿಫ್ ಎಂಬ ಬಗೆಯಲ್ಲಿ ಮೈಕ್ರೋಸ್ಕೋಪಿನ ವಿವರಗಳೆಲ್ಲ ಫೈಲಿನ ತಲೆಯಲ್ಲೇ ಕ್ರಮವಾಗಿ ಬರೆದಿರುತ್ತವೆ. ಕಾಯ್ದಿಡಲು ಅದು ಉತ್ತಮ.

ಮೈಕ್ರೋಸ್ಕೋಪ್ ಕಂಪನಿಗಳ ಸ್ವಂತ ಫೈಲ್‌ಗಳನ್ನು – ಝೈಸ್‌ನ ಸಿಝಡ್‌ಐ, ಲೈಕಾದ ಎಲ್‌ಐಎಫ್, ನಿಕಾನ್‌ನ ಎನ್‌ಡಿ2 – ‘ಬೇರೆಲ್ಲೂ ತೆರೆಯುವುದಿಲ್ಲ’ ಎಂಬ ಸಿಟ್ಟಿಗೆ ಅಳಿಸಿಬಿಡಬೇಡಿ. ಮೂಲ ಅದೇ. ಅದರಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು, ಪ್ರತಿಯಿಂದ ಮೂಲಕ್ಕೆ ಹೋಗಲು ದಾರಿ ಇಲ್ಲ.

ಫಿಜಿ: ಒಂದನ್ನೇ ಹಾಕಿಕೊಳ್ಳುವುದಾದರೆ ಇದು

ಅಮೆರಿಕದ ಸರಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ವೇಯ್ನ್ ರಾಸ್ಬಾಂಡ್ 1997ರಲ್ಲಿ ಹೊರತಂದ ಇಮೇಜ್‌ಜೆ ಎಂಬ ಪ್ರೋಗ್ರಾಮಿಗೆ ಬೇಕಾದ ಪ್ಲಗಿನ್‌ಗಳನ್ನೆಲ್ಲ (ಹೆಚ್ಚುವರಿ ಕೆಲಸದ ತುಣುಕುಗಳು) ಮೊದಲೇ ಸೇರಿಸಿ ಕೊಟ್ಟ ಕಟ್ಟು ಈ ಫಿಜಿ. ನೋಟಕ್ಕೆ ಏನೂ ಇಲ್ಲ. ತೆರೆದರೆ ಬೆರಳಗಲದ ಪಟ್ಟಿ ಒಂದು ಮೇಲೆ ಕಾಣುತ್ತದೆ, ಅಷ್ಟೇ. ‘ಇದೇನಾ ಸಾಫ್ಟ್‌ವೇರ್’ ಎಂದು ಅದನ್ನು ಮುಚ್ಚಿದರೆ ಪ್ರೋಗ್ರಾಮೇ ಮುಚ್ಚಿಹೋಗುತ್ತದೆ.

ಹಾಕುವ ಕ್ರಮದಲ್ಲೇ ಮೊದಲ ತಪ್ಪು ನಡೆಯುತ್ತದೆ. ಇದಕ್ಕೆ ಇನ್‌ಸ್ಟಾಲರ್ ಇಲ್ಲ. ಜಿಪ್ ಇಳಿಸಿ ಬಿಡಿಸಿದರೆ ಸಾಕು, ಜಾವಾ ಒಳಗೇ ಇರುತ್ತದೆ. ಬಿಡಿಸಿದ ಫೋಲ್ಡರನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ. ಅಲ್ಲಿ ಬರೆಯಲು ವಿಂಡೋಸ್ ಬಿಡದ ಕಾರಣ ಅಪ್‌ಡೇಟ್ ಅರ್ಧಕ್ಕೆ ನಿಂತು ಕಾಡುತ್ತದೆ. ನಿಮ್ಮ ಯೂಸರ್ ಫೋಲ್ಡರಿನಲ್ಲೋ ಡಿ ಡ್ರೈವಿನಲ್ಲೋ ಇಡಿ. ಹೊಸ ಲ್ಯಾಪ್‌ಟಾಪಿನ ದಟ್ಟ ಪರದೆಯಲ್ಲಿ ಐಕಾನ್‌ಗಳು ಸಾಸಿವೆಯಷ್ಟು ಕಂಡರೆ ಎಡಿಟ್ > ಆಪ್ಷನ್ಸ್ > ಅಪಿಯರೆನ್ಸ್‌ಗೆ ಹೋಗಿ ಜಿಯುಐ ಸ್ಕೇಲ್ ಎಂಬಲ್ಲಿ 1.5 ಅಥವಾ 2 ಕೊಟ್ಟು ಮತ್ತೆ ತೆರೆಯಿರಿ.

ಕಪ್ಪಾಗಿ ಕಂಡ ಆ ಫೈಲನ್ನು ಪಟ್ಟಿಯ ಮೇಲೆ ಎಳೆದು ಬಿಡಿ. ಕಂಟ್ರೋಲ್-ಶಿಫ್ಟ್-ಸಿ ಒತ್ತಿದರೆ ಬ್ರೈಟ್‌ನೆಸ್/ಕಾಂಟ್ರಾಸ್ಟ್ ಕಿಟಕಿ ಬರುತ್ತದೆ. ಆಟೋ ಒತ್ತಿ. ಚಿತ್ರ ಕಣ್ಣಿಗೆ ಬೀಳುತ್ತದೆ. ಆದರೆ ಅಂಕಿಗಳು ಬದಲಾಗಿಲ್ಲ. ಮೌಸ್ ಇಟ್ಟು ಪಟ್ಟಿಯ ಕೆಳಸಾಲು ನೋಡಿದರೆ ಮೊದಲಿನ ಅಂಕಿಯೇ ಇರುತ್ತದೆ. ಬದಲಾದದ್ದು ಎಷ್ಟಕ್ಕೆ ಕಪ್ಪು, ಎಷ್ಟಕ್ಕೆ ಬಿಳಿ ಎಂಬ ಗಡಿ ಮಾತ್ರ. ಅದೇ ಕಿಟಕಿಯಲ್ಲಿ ಅಪ್ಲೈ ಎಂಬ ಬಟನ್ ಉಂಟು, ಅದರಿಂದ ದೂರ ಇರಿ. 8 ಬಿಟ್ ಚಿತ್ರದಲ್ಲಿ ಅದನ್ನು ಒತ್ತಿದರೆ ಅಂಕಿಗಳೇ ಬದಲಾಗುತ್ತವೆ, ಆಮೇಲೆ ಅಳತೆ ಮಾಡಿದ್ದಕ್ಕೆ ಅರ್ಥವಿಲ್ಲ. ಫಿಜಿಯ ಅನ್‌ಡೂ ಒಂದೇ ಹೆಜ್ಜೆ ಹಿಂದೆ ಹೋಗುತ್ತದೆ ಎಂಬುದೂ ನೆನಪಿರಲಿ. ವರ್ಡ್‌ನಲ್ಲಿ ಮಾಡಿದಂತೆ ಹತ್ತು ಸಲ ಕಂಟ್ರೋಲ್-ಝಡ್ ಒತ್ತಿ ಬಚಾವಾಗಲು ಆಗದು.

ಆಟೋ ಬಟನ್‌ನ ನಿಜವಾದ ಅಪಾಯ ಹೋಲಿಕೆ ಮಾಡುವಾಗ ಹೊರಬೀಳುತ್ತದೆ. ಮದ್ದು ಕೊಟ್ಟ ಜೀವಕೋಶ, ಕೊಡದ ಜೀವಕೋಶ ಎಂದು ಎರಡು ಚಿತ್ರಗಳಿವೆ ಎನ್ನಿ. ಪ್ರತಿಯೊಂದಕ್ಕೂ ಆಟೋ ಒತ್ತಿದರೆ ಎರಡರ ಗಡಿಯೂ ಬೇರೆ ಬೇರೆ. ಮಂಕಾದ ಚಿತ್ರವನ್ನು ಎಳೆದು ಪ್ರಕಾಶದ ಚಿತ್ರದ ಸಮಕ್ಕೆ ತಂದಂತಾಯಿತು, ವ್ಯತ್ಯಾಸ ಮಾಯ. ಆದ್ದರಿಂದ ಅತಿ ಪ್ರಕಾಶದ ಚಿತ್ರದಲ್ಲಿ ಗಡಿ ಆರಿಸಿ, ಸೆಟ್ ಒತ್ತಿ, ಮಿನಿಮಂ 200, ಮ್ಯಾಕ್ಸಿಮಂ 3000 ಎಂಬಂತೆ ಅಂಕಿಯನ್ನೇ ಬರೆದು, ತೆರೆದಿರುವ ಎಲ್ಲ ಚಿತ್ರಗಳಿಗೂ ಅದೇ ಅನ್ವಯಿಸಲಿ ಎಂಬ ಚೌಕಕ್ಕೆ ಗುರುತು ಹಾಕಬೇಕು. ಇದನ್ನು ಮಾಡಿದ ಮೇಲೆಯೇ 8 ಬಿಟ್‌ಗೆ ಇಳಿಸಬೇಕು, ಏಕೆಂದರೆ ಫಿಜಿ 16ರಿಂದ 8ಕ್ಕೆ ಇಳಿಸುವಾಗ ಆ ಹೊತ್ತಿಗೆ ಪರದೆಯಲ್ಲಿರುವ ಗಡಿಯನ್ನೇ 0 ಮತ್ತು 255 ಎಂದು ಹಿಡಿಯುತ್ತದೆ. ಬಹಳ ಜನ ಎಡವುವ ಕಲ್ಲು ಇದು. ಚಿತ್ರದ ಅಡಿಬರಹದಲ್ಲಿ ಆ ಎರಡು ಅಂಕಿಗಳನ್ನು ಬರೆದರೆ ಓದುವವರಿಗೂ ಉಪಕಾರ.

ಎಕ್ಸ್‌ಪೋಶರ್ ಹೆಚ್ಚಾಗಿ ಚುಕ್ಕೆಗಳು ಬೆಳಕಿನಲ್ಲಿ ತುಂಬಿಹೋಗಿವೆಯೇ ನೋಡಲು ಇಮೇಜ್ > ಲುಕಪ್ ಟೇಬಲ್ಸ್‌ನಲ್ಲಿ ಹೈಲೋ ಆರಿಸಿ. ಗಡಿಗೆ ಮುಟ್ಟಿದ ಕಪ್ಪು ನೀಲಿಯಾಗಿ, ಗಡಿಗೆ ಮುಟ್ಟಿದ ಬಿಳಿ ಕೆಂಪಾಗಿ ಕಾಣುತ್ತದೆ. 12 ಬಿಟ್ ಕ್ಯಾಮೆರಾವಾದರೆ ಮೊದಲು ಗಡಿಯನ್ನು 0–4095 ಮಾಡಿಕೊಳ್ಳಿ. ಆಮೇಲೂ ಕೆಂಪು ಕಂಡರೆ ಆ ಚಿತ್ರದಿಂದ ಪ್ರಕಾಶ ಅಳೆಯುವ ಆಸೆ ಬಿಡಿ, ಎಕ್ಸ್‌ಪೋಶರ್ ಇಳಿಸಿ ಮತ್ತೆ ತೆಗೆಯಿರಿ. ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡದು.

ಅಳತೆಗೆ ಬರೋಣ. ಮೀನುಗಾರಿಕೆ ಓದುವವರು ಮೀನಿನ ಕಿವಿಯೊಳಗಿನ ಕಲ್ಲಿನ ಉಂಗುರಗಳನ್ನು ಎಣಿಸಿ ವಯಸ್ಸು ಹೇಳುತ್ತಾರೆ. ಅಡಿಕೆಯ ಕೊಳೆರೋಗ ಓದುವವರು ಫೈಟಾಫ್ತೋರದ ಬೀಜಕಣಗಳನ್ನು ಅಳೆಯುತ್ತಾರೆ. ಎರಡಕ್ಕೂ ಪಿಕ್ಸೆಲ್‌ನ ಅಗಲ ಗೊತ್ತಿರಬೇಕು. ಅಳತೆಗೆರೆ ಕೊರೆದ ಗಾಜಿನ ಸ್ಲೈಡಾದ ಸ್ಟೇಜ್ ಮೈಕ್ರೋಮೀಟರಿನಲ್ಲಿ 1 ಮಿ.ಮೀ.ಯನ್ನು 100 ಭಾಗ ಮಾಡಿರುತ್ತಾರೆ, ಒಂದು ಮನೆ 10 ಮೈಕ್ರಾನ್. ಅದರ ಫೋಟೋ ತೆಗೆದು, 50 ಮನೆಗಳ ಉದ್ದಕ್ಕೆ ಗೆರೆ ಎಳೆದು, ಅನಲೈಝ್ > ಸೆಟ್ ಸ್ಕೇಲ್‌ನಲ್ಲಿ ನೋನ್ ಡಿಸ್ಟೆನ್ಸ್ 500, ಯೂನಿಟ್ ಮೈಕ್ರಾನ್ ಎಂದು ಕೊಡಿ. ಒಂದೇ ಮನೆಗೆ ಗೆರೆ ಎಳೆದರೆ ಒಂದೆರಡು ಪಿಕ್ಸೆಲ್ ತಪ್ಪಿಗೂ ಶೇಕಡಾವಾರು ದೋಷ ದೊಡ್ಡದಾಗುತ್ತದೆ, ಅದಕ್ಕೇ 50. ಅಲ್ಲಿರುವ ಗ್ಲೋಬಲ್ ಚೌಕಕ್ಕೆ ಗುರುತು ಹಾಕಿದರೆ ಆಮೇಲೆ ತೆರೆಯುವ ಎಲ್ಲ ಚಿತ್ರಗಳಿಗೂ ಅದೇ ಅಳತೆ ಅಂಟುತ್ತದೆ. 10ರ ಆಬ್ಜೆಕ್ಟಿವಿನ ಅಳತೆ 40ರ ಚಿತ್ರಕ್ಕೆ ಅಂಟಿ ಬೀಜಕಣ ನಾಲ್ಕು ಪಟ್ಟು ಊದಿಕೊಳ್ಳುವುದು ಹೀಗೆ. ಪ್ರತಿ ಆಬ್ಜೆಕ್ಟಿವಿಗೆ ಬೇರೆ ಅಳತೆ ತೆಗೆದು ಗೋಡೆಗೆ ಅಂಟಿಸಿಡಿ. ಚಿತ್ರದ ಮೇಲೆ ‘400 ಪಟ್ಟು’ ಎಂದು ಬರೆಯುವುದಕ್ಕಿಂತ ಅನಲೈಝ್ > ಟೂಲ್ಸ್ > ಸ್ಕೇಲ್ ಬಾರ್‌ನಿಂದ ಅಳತೆಗೆರೆ ಹಾಕುವುದು ಮೇಲು. ಪ್ರೊಜೆಕ್ಟರಿನಲ್ಲಿ ಚಿತ್ರ ಹಿಗ್ಗಿದರೆ ಗೆರೆಯೂ ಹಿಗ್ಗುತ್ತದೆ, ‘400’ ಎಂಬ ಅಕ್ಷರ ಮಾತ್ರ ಸುಳ್ಳಾಗುತ್ತದೆ.

ದೊಡ್ಡ ಫೈಲಿನ ಮುಂದೆ ಫಿಜಿ ಸೋಲುತ್ತದೆ. ಎಲ್ಲವನ್ನೂ ರ‍್ಯಾಮ್‌ಗೆ ತುಂಬುವುದು ಅದರ ಸ್ವಭಾವ. 2048×2048ರ 16 ಬಿಟ್ ಚಿತ್ರ ಒಂದಕ್ಕೆ 8 ಎಂಬಿ. 500 ಚಿತ್ರಗಳ ಸರಣಿಗೆ ಸುಮಾರು 4 ಜಿಬಿ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಕ್ರೋಮ್ ಕೂಡ ತೆರೆದಿದ್ದರೆ ಅಲ್ಲಿಗೆ ಮುಗಿಯಿತು. ಬಯೋ-ಫಾರ್ಮ್ಯಾಟ್ಸ್ ಎಂಬ ಪ್ಲಗಿನ್ ಮೂಲಕ ತೆರೆಯುವಾಗ ಬರುವ ಕಿಟಕಿಯಲ್ಲಿ ವರ್ಚುವಲ್ ಸ್ಟ್ಯಾಕ್ ಎಂಬುದಕ್ಕೆ ಗುರುತು ಹಾಕಿದರೆ ನೋಡುತ್ತಿರುವ ಪುಟವನ್ನು ಮಾತ್ರ ಓದುತ್ತದೆ. ನಿಧಾನ, ಆದರೆ ಬೀಳುವುದಿಲ್ಲ. ಹಾಗೆ ತೆರೆದದ್ದರಲ್ಲಿ ಮಾಡಿದ ತಿದ್ದುಪಡಿ ಪುಟ ತಿರುಗಿಸಿದ ಕೂಡಲೇ ಹೋಗುತ್ತದೆ, ನೋಡುವುದಕ್ಕಷ್ಟೇ ಅದು.

ಬಯೋ-ಫಾರ್ಮ್ಯಾಟ್ಸ್ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. 150ಕ್ಕೂ ಹೆಚ್ಚು ಬಗೆಯ ಫೈಲ್‌ಗಳನ್ನು ಓದುವ ಈ ಪ್ಲಗಿನ್ ಫಿಜಿಯೊಳಗೇ ಬರುತ್ತದೆ. ಎಲ್‌ಐಎಫ್‌ನಂಥ ಫೈಲಿನಲ್ಲಿ ಒಂದು ದಿನ ತೆಗೆದ ಎಲ್ಲ ಚಿತ್ರಗಳೂ ಒಟ್ಟಿಗೇ ಇರುತ್ತವೆ, ಯಾವುದು ಬೇಕು ಎಂದು ಅದು ಪಟ್ಟಿ ಕೊಡುತ್ತದೆ. ಮೈಕ್ರಾನ್ ಅಳತೆ ಅದಾಗಿಯೇ ಬಂದು ಕೂರುತ್ತದೆ, ಸೆಟ್ ಸ್ಕೇಲ್ ಬೇಡ. ಆದರೆ ಮೈಕ್ರೋಸ್ಕೋಪ್ ಬಳಸಿದವರು ಆಬ್ಜೆಕ್ಟಿವ್ ಬದಲಿಸಿ ಸಾಫ್ಟ್‌ವೇರಿನಲ್ಲಿ ಬದಲಿಸದೆ ಇದ್ದರೆ ಆ ಅಳತೆಯೂ ತಪ್ಪೇ. ಕೈಯಿಂದ ತಿರುಗಿಸುವ ಹಳೆಯ ಮಾದರಿಗಳಲ್ಲಿ ಇದು ಆಗಾಗ ಆಗುತ್ತದೆ.

ಕ್ಯೂಪಾತ್: ಇಡೀ ಸ್ಲೈಡಿಗೆ

ಪೆಥಾಲಜಿ ವಿಭಾಗಗಳಿಗೆ ಸ್ಲೈಡ್ ಸ್ಕ್ಯಾನರ್ ಬಂದ ಮೇಲೆ ಹೊಸ ತಲೆನೋವು. 15 ಮಿ.ಮೀ. ಉದ್ದ, ಅಷ್ಟೇ ಅಗಲದ ಅಂಗಾಂಶವನ್ನು 40ರ ಆಬ್ಜೆಕ್ಟಿವಿನಲ್ಲಿ, ಅಂದರೆ ಪಿಕ್ಸೆಲ್‌ಗೆ ಸುಮಾರು 0.25 ಮೈಕ್ರಾನ್‌ನಂತೆ ಸ್ಕ್ಯಾನ್ ಮಾಡಿದರೆ 60,000×60,000 ಪಿಕ್ಸೆಲ್. ಮೂರು ಬಣ್ಣಕ್ಕೆ ಬಿಡಿಸಿದರೆ ಸುಮಾರು 10 ಜಿಬಿ. ಫೈಲಿನೊಳಗೆ ಜೆಪೆಗ್ ಆಗಿ ಕೂತಿರುವುದರಿಂದ ಡಿಸ್ಕಿನಲ್ಲಿ ಕಡಿಮೆ ಕಾಣುತ್ತದೆ, ತೆರೆದಾಗ ಹಿಗ್ಗುತ್ತದೆ. ಇಂಥ ಫೈಲ್‌ಗಳಲ್ಲಿ ಒಂದೇ ಚಿತ್ರ ಹಲವು ಗಾತ್ರಗಳಲ್ಲಿ, ಸಣ್ಣ ಸಣ್ಣ ಹಂಚುಗಳಾಗಿ ಇರುತ್ತದೆ. ಕ್ಯೂಪಾತ್ ಪರದೆಗೆ ಬೇಕಾದ ಹಂಚನ್ನು ಮಾತ್ರ ಎತ್ತಿ ತರುತ್ತದೆ, ಹಾಗಾಗಿ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಜೂಮ್ ಆಗುತ್ತದೆ. ಈ ಕೆಲಸದಲ್ಲಿ ಇದಕ್ಕೆ ಪೂರ್ತಿ ಅಂಕ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಇದು ಮುಕ್ತ ತಂತ್ರಾಂಶ, ಮೂಲ ಫೈಲನ್ನು ಯಾವತ್ತೂ ತಿದ್ದುವುದಿಲ್ಲ.

ಕೆಡುವುದು ಫೈಲ್ ಸಾಗಿಸುವಾಗ. ಎಂಆರ್‌ಎಕ್ಸ್‌ಎಸ್ ಎಂಬ ಬಗೆಯಲ್ಲಿ ಕಾಣುವ ಫೈಲ್ ಬರೀ ಬಾಗಿಲು. ನಿಜವಾದ ಸಾಮಾನು ಅದೇ ಹೆಸರಿನ ಫೋಲ್ಡರಿನಲ್ಲಿರುತ್ತದೆ. ಫೈಲ್ ಒಂದನ್ನೇ ಕಾಪಿ ಮಾಡಿಕೊಂಡು ಬಂದರೆ ಮನೆಯಲ್ಲಿ ಏನೂ ತೆರೆಯದು. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿ ಮೀರಿದ ಫೈಲ್ ‘ಫೈಲ್ ತೀರಾ ದೊಡ್ಡದು’ ಎಂಬಂಥ ದೂರಿನೊಂದಿಗೆ ನಿಲ್ಲುತ್ತದೆ, 64 ಜಿಬಿ ಖಾಲಿ ಇದ್ದರೂ. ಒಳಗಿನದ್ದನ್ನು ಬೇರೆಡೆ ಇಟ್ಟುಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಇನ್ನು ಕ್ಯೂಪಾತ್‌ನ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಡ್ರೈವಿನ ಅಕ್ಷರ ಇ ಹೋಗಿ ಎಫ್ ಆದರೂ ‘ಚಿತ್ರ ಸಿಗುತ್ತಿಲ್ಲ’ ಎನ್ನುತ್ತದೆ. ಅದೇ ಕಿಟಕಿಯಲ್ಲಿ ಹೊಸ ಜಾಗ ತೋರಿಸಿದರೆ ಗುರುತುಗಳೆಲ್ಲ ವಾಪಸು ಬರುತ್ತವೆ. ತೆರೆದ ಕೂಡಲೇ ಎಡಬದಿಯ ಇಮೇಜ್ ಟ್ಯಾಬಿನಲ್ಲಿ ಪಿಕ್ಸೆಲ್ ಅಗಲ ಬಂದಿದೆಯೇ ನೋಡಿ. ಅಲ್ಲಿ ಮೈಕ್ರಾನ್ ಇಲ್ಲದಿದ್ದರೆ ಯಾರೋ ನಡುವೆ ಅದನ್ನು ಜೆಪೆಗ್ ಮಾಡಿ ಕೊಟ್ಟಿದ್ದಾರೆ ಎಂದು ಸಂಶಯ ಪಡಿ.

ಸಿಟಿ, ಎಂಆರ್‌ಐ

ಸ್ಕ್ಯಾನ್ ಸೆಂಟರಿನವರು ಕೊಡುವ ಸಿಡಿಯಲ್ಲಿ ಐಎಂ ಎಂದೋ ಬರೀ ಅಂಕಿಯೋ ಇರುವ, ಬಾಲವಿಲ್ಲದ ನೂರಾರು ಫೈಲ್‌ಗಳಿರುತ್ತವೆ. ಡೈಕಾಮ್ ಅಂದರೆ ಅವು. ಒಂದೊಂದನ್ನೇ ಕ್ಲಿಕ್ ಮಾಡಿ ಪ್ರಯೋಜನ ಇಲ್ಲ, ವ್ಯೂವರಿಗೆ ಇಡೀ ಫೋಲ್ಡರನ್ನೋ ಡೈಕಾಮ್‌ಡಿರ್ ಎಂಬ ಫೈಲನ್ನೋ ಕೊಡಬೇಕು. ವಿಂಡೋಸ್ ಮಾತ್ರ ಇದ್ದವರಿಗೆ ಮೈಕ್ರೋಡೈಕಾಮ್ ಹಗುರ, ವಾಣಿಜ್ಯೇತರ ಬಳಕೆಗೆ ಉಚಿತ. ಮ್ಯಾಕ್ ಅಥವಾ ಲಿನಕ್ಸ್ ಇದ್ದರೆ ವೀಸಿಸ್, ಅದು ಮುಕ್ತ ತಂತ್ರಾಂಶ. ಬೋಧನೆಗೆ ವೀಸಿಸ್ ಹೆಚ್ಚು ಹಿಡಿಸುತ್ತದೆ, ಆದರೆ ತೆರೆಯಲು ಸ್ವಲ್ಪ ತಡ ಮಾಡುತ್ತದೆ. ಫಿಜಿಯೂ ಡೈಕಾಮ್ ಓದುತ್ತದೆ ಎನ್ನುತ್ತಾರಲ್ಲ, ಒಳಗೆ ಸಂಕುಚಿಸಿದ ಚಿತ್ರವಿದ್ದರೆ ನೇರವಾಗಿ ತೆರೆಯದೆ ಹಠ ಮಾಡುತ್ತದೆ.

ಸಿಟಿಯ ಅಂಕಿಗೆ ಅರ್ಥ ಉಂಟು: ನೀರು 0, ಗಾಳಿ −1000, ಇದೇ ಹೌನ್ಸ್‌ಫೀಲ್ಡ್ ಅಳತೆ. ಪರದೆಗೆ 256 ಬೂದು ಮೆಟ್ಟಿಲು ಮಾತ್ರ ಇರುವುದರಿಂದ ಒಂದು ಸಲಕ್ಕೆ ಒಂದು ತುಂಡನ್ನಷ್ಟೇ ನೋಡಲಾಗುತ್ತದೆ. ಶ್ವಾಸಕೋಶಕ್ಕೆ ನಡು −600, ಅಗಲ 1500. ಹೊಟ್ಟೆಯ ಮೃದು ಅಂಗಾಂಶಕ್ಕೆ ನಡು 40, ಅಗಲ 400. ಮಿದುಳಿಗೆ ನಡು 40, ಅಗಲ 80. ಒಂದೇ ಫೈಲ್, ಮೂರು ನೋಟ. ಜೆಪೆಗ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೆ ಆ ಹೊತ್ತಿನ ಒಂದು ನೋಟ ಮಾತ್ರ ಹೋಗುತ್ತದೆ. ಶ್ವಾಸಕೋಶದ ನೋಟದಲ್ಲಿ ಕಳಿಸಿದ್ದನ್ನು ಹಿಡಿದುಕೊಂಡು ಎಲುಬು ನೋಡಲು ಆಗದು. ಕ್ಲಾಸಿನಲ್ಲಿ ತೋರಿಸುವ ಮುಂಚೆ ರೋಗಿಯ ಹೆಸರು ತೆಗೆಯಿರಿ. ಅನಾನಿಮೈಸ್ ಎಂಬುದು ಫೈಲಿನ ತಲೆಬರಹದ ಹೆಸರನ್ನು ಅಳಿಸುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಹೆಸರು ಚಿತ್ರದ ಮೇಲೇ ಅಚ್ಚಾಗಿರುತ್ತದೆ, ಅದು ಹಾಗೇ ಉಳಿಯುತ್ತದೆ, ಕತ್ತರಿಸಲೇಬೇಕು. ಇವು ಯಾವುವೂ ರೋಗ ನಿರ್ಣಯಕ್ಕಲ್ಲ, ಅದಕ್ಕೆ ಮಾನ್ಯತೆ ಪಡೆದ ಸಾಫ್ಟ್‌ವೇರೂ ಮಾನಿಟರೂ ಬೇರೆ.

ಉಪಗ್ರಹ ಮತ್ತು ಆಕಾಶ

ನೇತ್ರಾವತಿ-ಗುರುಪುರ ಅಳಿವೆಯಿಂದ ಮಳೆಗಾಲದ ನಂತರ ಸಮುದ್ರಕ್ಕೆ ಹೋಗುವ ಕೆಂಪುನೀರನ್ನು ನೋಡಲು ಸೆಂಟಿನೆಲ್-2 ಎಂಬ ಯುರೋಪಿನ ಉಪಗ್ರಹದ ಚಿತ್ರ ಇಳಿಸುವವರು ಬಹಳ. ಮಳೆಗಾಲದಲ್ಲೇ ನೋಡೋಣವೆಂದರೆ ಮೋಡವೇ ಕಾಣುವುದು. ಇಳಿಸಿದ ಕಟ್ಟಿನಲ್ಲಿ ಟಿಸಿಐ ಎಂಬ ಫೈಲ್ 8 ಬಿಟ್‌ನದು, ಪೋಸ್ಟರಿಗೆ ಸಾಕು. ಅಳತೆಗೆ ಬ್ಯಾಂಡ್ ಫೈಲ್‌ಗಳೇ (ಒಂದೊಂದು ಬಗೆಯ ಬೆಳಕಿಗೆ ಒಂದೊಂದು) ಬೇಕು. 4, 3, 2 ಸೇರಿದರೆ ಸಹಜ ಬಣ್ಣ, ಒಂದು ಪಿಕ್ಸೆಲ್‌ಗೆ 10 ಮೀಟರ್. ಅವು ಜೆಪೆಗ್ 2000 ಬಗೆಯವು, ಬಹುತೇಕ ಬ್ರೌಸರುಗಳಲ್ಲಿ ತೆರೆಯುವುದಿಲ್ಲ. ಹೆಸರು ಕೇಳಿ ಹೆದರಬೇಡಿ, ಹಳೆಯ ಜೆಪೆಗ್‌ನ ಚೌಕದ ಕಾಟ ಇದರಲ್ಲಿಲ್ಲ.

ತೆರೆಯಲು ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್ ಬಿಟ್ಟು ಬೇರೆ ಹುಡುಕಬೇಕಿಲ್ಲ. ಮಂಗಳೂರು, ಉಡುಪಿ ಎರಡೂ ಯುಟಿಎಂ ಎಂಬ ನಕ್ಷೆ ಪದ್ಧತಿಯ 43ನೇ ವಲಯದ ಉತ್ತರ ಭಾಗದಲ್ಲಿವೆ, ಸಾಫ್ಟ್‌ವೇರಿಗೆ ಅದನ್ನು ಹೇಳುವ ಇಪಿಎಸ್‌ಜಿ ಸಂಖ್ಯೆ 32643. ಲೇಯರ್ ಪ್ರಾಪರ್ಟೀಸ್‌ನ ಸಿಂಬಾಲಜಿಯಲ್ಲಿ ಕಪ್ಪು-ಬಿಳಿ ಗಡಿಗೆ 2–98 ಶೇಕಡಾ ಎಂಬುದನ್ನು ಆರಿಸಿದರೆ ಚಿತ್ರ ಬೆಳಗುತ್ತದೆ. ಆದರೆ ಕಣ್ಣಿಗೆ ಬಿದ್ದಷ್ಟು ಭಾಗಕ್ಕೇ ಗಡಿ ಲೆಕ್ಕ ಹಾಕುವ ಆಯ್ಕೆ ಹಾಕಿದ್ದರೆ, ಜೂಮ್ ಮಾಡಿದಾಗೆಲ್ಲ ಸಮುದ್ರದ ಬಣ್ಣ ಬದಲಾಗುತ್ತದೆ. ತಣ್ಣೀರುಬಾವಿಯಲ್ಲಿ ನೀರು ಕೆಟ್ಟಿದೆ ಎಂದು ಸುದ್ದಿ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ. ಎರಡು ದಿನಾಂಕಗಳನ್ನು ಹೋಲಿಸುವಾಗ ಗಡಿಯನ್ನು ಕೈಯಾರೆ ಒಂದೇ ಮಾಡಿ. 2022ರ ಜನವರಿಯಿಂದ ಈಚಿನ ಫೈಲ್‌ಗಳಲ್ಲಿ ಅಂಕಿಗೆ 1000 ಕೂಡಿಸಿರುತ್ತಾರೆ, ಕಳೆದು 10,000ದಿಂದ ಭಾಗಿಸಿದರೆ ಪ್ರತಿಫಲನ ಸಿಗುತ್ತದೆ. ಈ 1000ವನ್ನು ಮರೆತವರಿಗೆ 2021ಕ್ಕಿಂತ 2022ರಲ್ಲಿ ಇಡೀ ಕರಾವಳಿ ಬೆಳಗಿದಂತೆ ಕಾಣುತ್ತದೆ. ಜಿಯೋಟಿಫ್ ಫೈಲನ್ನು ಸಾಮಾನ್ಯ ಫೋಟೋ ಎಡಿಟರಿನಲ್ಲಿ ಸೇವ್ ಮಾಡಿದರೆ ಭೂಮಿಯ ಮೇಲಿನ ವಿಳಾಸ ಅಳಿಸಿಹೋಗಿ ಬರೀ ಚಿತ್ರ ಉಳಿಯುವುದೇ ಹೆಚ್ಚು.

ಖಗೋಳದವರು ಬಳಸುವ ಫಿಟ್ಸ್ ಎಂಬ ಫೈಲಿನ ಬಗೆ 1981ರದು. 2880 ಬೈಟ್‌ಗಳ ಕಟ್ಟುಗಳಲ್ಲಿ, 80 ಅಕ್ಷರದ ಸಾಲುಗಳಲ್ಲಿ ತಲೆಬರಹ ಇರುತ್ತದೆ, ನೋಟ್‌ಪ್ಯಾಡಿನಲ್ಲೂ ಓದಬಹುದು. ಡಿಎಸ್9 ಇದಕ್ಕೆಂದೇ ಮಾಡಿದ ವ್ಯೂವರ್. ತೆರೆದ ಕೂಡಲೇ ಕಪ್ಪು ಹಿನ್ನೆಲೆಯಲ್ಲಿ ನಾಲ್ಕು ನಕ್ಷತ್ರ ಕಂಡರೆ ಸ್ಕೇಲ್ ಮೆನುವಿನಲ್ಲಿ ಝಡ್‌ಸ್ಕೇಲ್, ಜೊತೆಗೆ ಲಾಗ್ ಆರಿಸಿ. ಗ್ಯಾಲಕ್ಸಿಯ ತೋಳುಗಳು ಆಗ ಹೊರಬರುತ್ತವೆ. ಬೇರೆ ವ್ಯೂವರಿನಲ್ಲಿ ಚಿತ್ರ ತಲೆಕೆಳಗಾದರೆ ಆಶ್ಚರ್ಯ ಬೇಡ, ಫಿಟ್ಸ್‌ನಲ್ಲಿ ಮೊದಲ ಸಾಲು ಕೆಳಗಿನದು. ಬಣ್ಣದ ಕ್ಯಾಮೆರಾದ ಫಿಟ್ಸ್ ಬೂದು ಚೌಕಳಿ ಬಟ್ಟೆಯಂತೆ ಕಂಡರೆ ಅದಿನ್ನೂ ಡೀಬೇಯರ್ ಆಗಿಲ್ಲ, ಅಂದರೆ ಪಿಕ್ಸೆಲ್‌ಗಳಿಂದ ಬಣ್ಣ ಜೋಡಿಸಿಲ್ಲ. ಅಂಕಿಗಳು −32768ರ ಹತ್ತಿರ ಬಂದರೆ ಆ ಸಾಫ್ಟ್‌ವೇರ್ ಅಂಕಿಗೆ ಎಷ್ಟು ಕೂಡಿಸಬೇಕು ಎಂದು ಹೇಳುವ ತಲೆಬರಹದ ಬಿ-ಝೀರೋ ಸಾಲನ್ನು ಓದಿಲ್ಲ. ಅದನ್ನು ಬಿಡುವುದು ಒಳ್ಳೆಯದು.

ಇರ್ಫಾನ್‌ವ್ಯೂ, ಫೋಟೋಸ್

ಇರ್ಫಾನ್‌ವ್ಯೂ 1996ರಿಂದ ಇದೆ, ಈಗಲೂ ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತದೆ. ಫೋಲ್ಡರಿನಲ್ಲಿರುವ ಇನ್ನೂರು ಜೆಪೆಗ್‌ಗಳನ್ನು ಸರಸರ ನೋಡಿ ಬೇಡದ್ದನ್ನು ಬೇರ್ಪಡಿಸಲು ಇದಕ್ಕಿಂತ ಚುರುಕಿನದು ಕಡಿಮೆ. 16 ಬಿಟ್‌ನ ಅಂಕಿ ಕೇಳಿದರೆ ಮಾತ್ರ 8 ಬಿಟ್‌ಗೆ ಇಳಿಸಿಯೇ ಉತ್ತರ ಕೊಡುತ್ತದೆ. ವಿಂಡೋಸ್ ಫೋಟೋಸ್ ಜೂಮ್ ಮಾಡಿದಾಗ ಪಿಕ್ಸೆಲ್‌ಗಳ ನಡುವೆ ನಯಗೊಳಿಸುತ್ತದೆ. ಕಣ್ಣಿಗೆ ಹಿತ, ಆದರೆ ಕ್ಯಾಮೆರಾ ಕಾಣದ ಅಂಚನ್ನು ಕಂಡಂತೆ ತೋರಿಸುತ್ತದೆ. ಮದುವೆ ಫೋಟೋಗೆ ಇರಲಿ.

ವಾಟ್ಸಾಪ್ ಮತ್ತು ಮೊಬೈಲ್

ಅಡಿಕೆ ಎಲೆಯ ಚುಕ್ಕೆರೋಗದ ಫೋಟೋವನ್ನು ತೋಟದಿಂದಲೇ ಕೃಷಿ ವಿಜ್ಞಾನಿಗಳಿಗೆ ಕಳಿಸುವುದು ಈಗ ರೂಢಿ. ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ, ಮತ್ತೆ ಜೆಪೆಗ್ ಮಾಡಿ, ತೆಗೆದ ದಿನ-ಜಾಗದ ವಿವರ ಕಿತ್ತುಹಾಕಿ ಮುಟ್ಟಿಸುತ್ತದೆ. ಫೈಲ್ ಸೇರಿಸುವ ಗುರುತು ಒತ್ತಿ ಡಾಕ್ಯುಮೆಂಟ್ ಎಂದು ಕಳಿಸಿ, ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಚುಕ್ಕೆಯ ಪಕ್ಕ ಒಂದು ರೂಪಾಯಿ ನಾಣ್ಯವೋ ಸ್ಕೇಲೋ ಇಟ್ಟು ತೆಗೆಯಿರಿ. ಐಫೋನಿನ ಹೆಯಿಕ್ ಫೈಲ್ ಕೆಲವು ವಿಂಡೋಸ್ ಕಂಪ್ಯೂಟರುಗಳಲ್ಲಿ ತೆರೆಯದು. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ > ಫಾರ್ಮ್ಯಾಟ್ಸ್ > ಮೋಸ್ಟ್ ಕಂಪ್ಯಾಟಿಬಲ್ ಮಾಡಿದರೆ ಜೆಪೆಗ್ ಬರುತ್ತದೆ. ಮೈಕ್ರೋಸ್ಕೋಪಿನ ಕಣ್ಣಿಗೆ ಮೊಬೈಲ್ ಹಿಡಿದು ತೆಗೆದ ಚಿತ್ರದಿಂದ ಆಕಾರ ನೋಡಬಹುದು, ಪ್ರಕಾಶ ಅಳೆಯಬೇಡಿ. ಫೋನು ಅಂಚು ಚೂಪಾಗಿಸಿ, ನೆರಳು ಎತ್ತಿ, ಕಾಳುಕಾಳಾಗಿ ಕಾಣುವ ನಾಯ್ಸ್ ಒರೆಸಿ ತನಗೆ ಬೇಕಾದ ಹಾಗೆ ಮಾಡಿರುತ್ತದೆ.

ಮಳೆಗಾಲದ ಆಟಿ ತಿಂಗಳಲ್ಲಿ ಎಲ್ಲ ವ್ಯೂವರಿನಲ್ಲೂ ಚಿತ್ರ ಮಂಜು ಮುಸುಕಿದಂತೆ ಕಂಡರೆ ಸಾಫ್ಟ್‌ವೇರ್ ಬಯ್ಯುವ ಮೊದಲು ಆಬ್ಜೆಕ್ಟಿವನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ನಮ್ಮ ಕರಾವಳಿಯ ತೇವಕ್ಕೆ ಗಾಜಿನ ಮೇಲೆ ಬೂಸ್ಟು ಬಲೆ ಹೆಣೆಯುವುದು ಹೊಸದೇನಲ್ಲ. ಸಿಲಿಕಾ ಜೆಲ್ ಹಾಕಿದ ಡಬ್ಬಿ ಕಡಿಮೆ ಖರ್ಚಿನ ಉಪಾಯ.

ಪರದೆ, ಪ್ರೊಜೆಕ್ಟರ್

ಫಿಜಿಯಲ್ಲೇ ಪರದೆಯ ಪರೀಕ್ಷೆ ಮಾಡಬಹುದು. ಫೈಲ್ > ನ್ಯೂ > ಇಮೇಜ್, 8 ಬಿಟ್, ಫಿಲ್ ವಿತ್ ಎಂಬಲ್ಲಿ ರ‍್ಯಾಂಪ್, ಅಗಲ 256. ಕಪ್ಪಿನಿಂದ ಬಿಳಿಗೆ ನಿಧಾನ ಏರುವ ಪಟ್ಟಿ ಬರುತ್ತದೆ. ಕಪ್ಪಿನ ತುದಿಯಲ್ಲಿ ದಪ್ಪ ಭಾಗವೊಂದು ಪೂರ್ತಿ ಒಂದೇ ಕಪ್ಪಾಗಿ ಕಂಡರೆ ಆ ಪರದೆ ಮಂಕು ವಿವರಗಳನ್ನು ನುಂಗುತ್ತಿದೆ. ನೈಟ್ ಲೈಟ್, ವಿವಿಡ್ ಮೋಡ್, ಬೆಳಕಿಗೆ ತಕ್ಕಂತೆ ತಾನೇ ಏರಿಳಿಯುವ ಬ್ರೈಟ್‌ನೆಸ್ – ಮೂರನ್ನೂ ಆಫ್ ಮಾಡಿ ಮತ್ತೆ ನೋಡಿ.

ಅಂಕಿಗಳನ್ನು ಬಣ್ಣದಲ್ಲಿ ತೋರಿಸುವಾಗ ಕಾಮನಬಿಲ್ಲಿನ ಬಣ್ಣಗಳ ಜೆಟ್ ಪಟ್ಟಿಯನ್ನು ಬಿಡುವುದು ಲೇಸು. ಹಳದಿಯ ಬಳಿ ಕಣ್ಣಿಗೆ ಇಲ್ಲದ ಅಂಚು ಕಾಣುತ್ತದೆ, ಹಸಿರಿನಲ್ಲಿ ಇರುವ ವ್ಯತ್ಯಾಸ ಅಡಗುತ್ತದೆ. ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ 2017ರಿಂದ ತಾನಾಗಿ ಬಳಸುವ ವಿರಿಡಿಸ್ ಎಂಬ ಬಣ್ಣದ ಪಟ್ಟಿ ಫಿಜಿಯಲ್ಲೂ ಉಂಟು. ಎರಡು ಚಾನೆಲ್ ಒಟ್ಟಿಗೆ ತೋರಿಸುವಾಗ ಕೆಂಪು-ಹಸಿರು ಜೋಡಿಯ ಬದಲು ಮಜೆಂಟಾ-ಹಸಿರು ಹಾಕಿದರೆ ಬಣ್ಣಗುರುಡು ಇರುವವರಿಗೂ ಕಾಣುತ್ತದೆ.

ಪವರ್‌ಪಾಯಿಂಟ್ ಸೇವ್ ಮಾಡುವಾಗ ನಿಮ್ಮನ್ನು ಕೇಳದೆ ಚಿತ್ರ ಕುಗ್ಗಿಸುತ್ತದೆ. ಫೈಲ್ > ಆಪ್ಷನ್ಸ್ > ಅಡ್ವಾನ್ಸ್ಡ್‌ನಲ್ಲಿ ‘ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್’ ಎಂಬುದಕ್ಕೆ ಗುರುತು ಹಾಕಿ, ಪ್ರತಿ ಫೈಲಿಗೂ ಬೇರೆ ಬೇರೆ ಹಾಕಬೇಕು. ಚಿತ್ರಗಳನ್ನು ಸೇರಿಸುವ ಮುಂಚೆಯೇ ಹಾಕಬೇಕು, ಕುಗ್ಗಿದ ಮೇಲೆ ಹಾಕಿ ಫಲವಿಲ್ಲ. ಸೆಮಿನಾರ್ ಹಾಲಿನ ಪ್ರೊಜೆಕ್ಟರ್ ಸಾಮಾನ್ಯವಾಗಿ 1920×1080ರ ಆಸುಪಾಸು ಇರುತ್ತದೆ, 6000 ಪಿಕ್ಸೆಲ್‌ನ ಚಿತ್ರ ಹಾಕಿ ಭಾರ ಹೊರಿಸಬೇಡಿ. ತೋರಿಸಬೇಕಾದ ಭಾಗವನ್ನು ಕತ್ತರಿಸಿ ಪಿಎನ್‌ಜಿ ಮಾಡಿ ಹಾಕಿ. ಕಿಟಕಿಯ ಪರದೆ ಸರಿಯಾಗಿ ಮುಚ್ಚದ ಹಾಲಿನಲ್ಲಿ ಕಪ್ಪು ಹಿನ್ನೆಲೆಯ ಹಸಿರು ಚುಕ್ಕೆಗಳು ಹಿಂದಿನ ಬೆಂಚಿಗೆ ಕಾಣುವುದೇ ಇಲ್ಲ. ಆಗ ಒಂದೊಂದು ಚಾನೆಲನ್ನು ಬೂದುಬಣ್ಣಕ್ಕೆ ತಂದು, ಇಮೇಜ್ > ಲುಕಪ್ ಟೇಬಲ್ಸ್ > ಇನ್ವರ್ಟ್ ಎಲ್‌ಯುಟಿ ಒತ್ತಿ, ಬಿಳಿಯ ಮೇಲೆ ಕಪ್ಪು ಚುಕ್ಕೆಗಳಾಗಿ ತೋರಿಸಿ. ಎಡಿಟ್ ಮೆನುವಿನಲ್ಲೂ ಇನ್ವರ್ಟ್ ಎಂದೊಂದು ಉಂಟು. ಅದು ಅಂಕಿಗಳನ್ನೇ ತಿರುಗಿಸುತ್ತದೆ, ಅದನ್ನು ಮುಟ್ಟಬೇಡಿ.